ಗೆರೆಯ ಮೇಲಿನ ಕೆಲಸ

ಶನಿವಾರ ಮಧ್ಯಾಹ್ನ ವರ್ಕ್‌ಶಾಪಿನ ಸೈರನ್ನು.
ಕೈಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು
ಸೈಕಲ್ಲು ಹತ್ತಿ ಬನ್ನಿಮಂಟಪದ ಕಡೆ ಹೊರಟೆನೆಂದರೆ
ಆಮೇಲೆ ನಾನು ಫಿಟ್ಟರ್ ರಾಚಪ್ಪನಲ್ಲ,
ಸುಣ್ಣದ ಗೆರೆಯಾಚೆ ಓಡುವ ಒಂದು ಕರಿ ಅಂಗಿ.
ಕೈಯಲ್ಲಿ ಹಳದಿ ಬಾವುಟ,
ಹೆಂಡತಿಯ ಬ್ಲೌಸ್‌ಪೀಸಿನಲ್ಲಿ ಮಿಕ್ಕ ತುಂಡು.

ಹೈಸ್ಕೂಲು ಹುಡುಗರಿಗೆ ಮೊದಲು ಹೇಳುವುದು ಇಷ್ಟು:
ಮುಂದೆ ನಿಂತದ್ದೇ ತಪ್ಪಲ್ಲ ಕಣ್ರೋ.
ಚೆಂಡಿಗಿಂತ ಮುಂದೆ, ಕೊನೆಯಿಂದ ಎರಡನೆಯವನಿಗಿಂತ ಮುಂದೆ,
ಬೇಕಾದರೆ ಬೆಟ್ಟ ನೋಡುತ್ತ ನಿಂತಿರಿ,
ಆಟಕ್ಕೆ ಅಡ್ಡ ಬರದಿದ್ದರೆ ನನ್ನ ಬಾವುಟ ಏಳದು.
ಕೈ, ತೋಳು ಲೆಕ್ಕಕ್ಕಿಲ್ಲ. ಮೂಗು ಲೆಕ್ಕಕ್ಕುಂಟು.
ಚೆಂಡು ಸಿಕ್ಕಾಗ ಎಲ್ಲಿದ್ದೆ ಅಂತ ಯಾರೂ ಕೇಳುವುದಿಲ್ಲ,
ಅದು ಇನ್ನೊಬ್ಬನ ಕಾಲು ಬಿಟ್ಟಾಗ ಎಲ್ಲಿದ್ದೆ,
ಅಷ್ಟೆ.

ಒಂದೇ ಸಲಕ್ಕೆ ಎರಡು ಕಡೆ ನೋಡಬೇಕು.
ಒದೆಯುವ ಕಾಲು ಅಲ್ಲಿ, ನುಗ್ಗುವ ಭುಜ ಇಲ್ಲಿ.
ಆಗುವುದಿಲ್ಲ.
ಒದ್ದ ಸದ್ದನ್ನು ಕಿವಿಗೆ ಬಿಟ್ಟು
ಕಣ್ಣನ್ನು ಗೆರೆಗೆ ಕಟ್ಟುತ್ತೇನೆ.
ಇಪ್ಪತ್ತು ವರ್ಷವಾಯಿತು, ಅರ್ಧ ಆಟ ಕಿವಿಯಲ್ಲೇ ನೋಡುತ್ತೇನೆ.

ಅದಕ್ಕೇ ಕೇಳಿಸಿತು.

ದಸರಾ ರಜೆ ಮುಗಿದ ವಾರ, ಸೆಮಿಫೈನಲ್ಲು,
ಮುಗಿಯಲು ಎಂಟು ನಿಮಿಷ.
ನಮ್ಮ ಅಶೋಕಪುರಂ ಹುಡುಗ ಸಮ್ಯಕ್, ಹನ್ನೊಂದನೇ ನಂಬರು,
ಥ್ರೋ ಎಸೆಯಲು ಚೆಂಡಿಗೆ ಬಗ್ಗಿದ್ದ,
ನನ್ನಿಂದ ಎರಡು ಮಾರು.
ಥ್ರೋಗೆ ಆಫ್‌ಸೈಡ್ ಇಲ್ಲ, ಆ ಹೊತ್ತು ನನಗೆ ಬಿಡುವು.
ಎದುರು ಟೀಮಿನ ಏಳನೇ ನಂಬರು,
ಮೀಸೆ ಈಗಷ್ಟೇ ಮೂಡುತ್ತಿರುವವನು,
ಪಕ್ಕದಲ್ಲೇ ಹಾದುಹೋಗುತ್ತ ಒಂದು ಪದ ಉದುರಿಸಿದ.
ಮೆತ್ತಗೆ, ಹೆಚ್ಚುಕಮ್ಮಿ ನಗುತ್ತ,
ಬಬಲ್‌ಗಮ್ ಉಗಿದ ಹಾಗೆ.

ಸಮ್ಯಕ್ ಚೆಂಡನ್ನು ಕೆಳಗಿಟ್ಟ.
ಇಟ್ಟದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ,
ಮೊಟ್ಟೆ ಇಡುವಂತೆ ಇಟ್ಟ.
ಆಮೇಲೆ ಮುಷ್ಟಿ ಕಟ್ಟಿ ಅವನ ಎದೆಗೆ ಗುದ್ದಿದ.

ವಿಷಲ್. ಅಲೋಶಿಯಸ್ ಮೇಷ್ಟ್ರು ಓಡಿ ಬಂದರು.
ಎದೆಜೇಬು ಹಳದಿ, ಹಿಂಜೇಬು ಕೆಂಪು, ಎಲ್ಲರಿಗೂ ಗೊತ್ತು.
ಕೈ ಹಿಂದಕ್ಕೇ ಹೋಯಿತು.
ಕಂಡದ್ದಕ್ಕೆ ಕಾರ್ಡು. ಅವರಿಗೆ ಕಂಡದ್ದು ಗುದ್ದು.

ನನ್ನ ಬಾವುಟ ಮೇಲಿತ್ತು.
ಆಟ ಮತ್ತೆ ಶುರುವಾದರೆ ಮುಗಿಯಿತು,
ಆಡಿದ್ದು ಆಡಿದವನ ಹತ್ತಿರವೇ ಉಳಿಯುತ್ತದೆ.
ಬಾವುಟ ಬಡಿದೆ, ಬಟ್ಟೆ ಪಟಪಟ ಅಂತು,
ಮೇಷ್ಟ್ರು ಆ ಕಡೆ ತಿರುಗಿದ್ದರು.
ಕೊನೆಗೆ ಕೂಗಿದೆ.
ಗೆರೆಯವನು ಕೂಗಬಾರದು ಅಂತ
ಹೊಸಬರಿಗೆ ಹೇಳಿಕೊಡುವವನೇ ನಾನು.

"ಏನಂದ ರಾಚಪ್ಪ?"
"ಬೈದ ಸಾರ್."
"ಏನಂತ? ಅದೇ ಮಾತು ಬೇಕು."

ನಮ್ಮ ತಾತ ಊರು ಬಿಟ್ಟು ಇಲ್ಲಿಗೆ ಬಂದು ಮಿಲ್ಲು ಸೇರಿದ್ದು
ಆ ಪದ ಕೇಳಿಸದಷ್ಟು ದೂರ ನಡೆಯಲಿಕ್ಕೆ.
ಮನೆಯಲ್ಲಿ ಯಾರೂ ಆಡಿದವರಲ್ಲ, ತಮಾಷೆಗೂ.
ಮೇಷ್ಟ್ರ ಕಿವಿಗೆ ಬಗ್ಗಿ ನಾನು ಆಡಿದೆ.
ಎಷ್ಟು ಸಲೀಸಾಗಿ ಬಂತು ಬಾಯಿಗೆ.

ಮೊದಲು ಅವನಿಗೆ ಕೆಂಪು. ಆಮೇಲೆ ಇವನಿಗೂ.
ಚೆಂಡು ಯಾವ ಕ್ಷಣ ಯಾರ ಕಾಲು ಬಿಟ್ಟಿತು ಅಂತ
ಅಷ್ಟು ಕೂಲಂಕಷ ಕೇಳುವ ನಿಯಮದ ಪುಸ್ತಕ
ಇಲ್ಲಿ ಮಾತ್ರ, ಶುರು ಯಾರದು ಅಂತ ಕೇಳುವುದಿಲ್ಲ.
ಸಮ್ಯಕ್ ಹೊರಗೆ ಹೋಗುತ್ತ ನನ್ನ ಕಡೆ ನೋಡಿದ,
ದಿನಾ ಅನ್ನುವ ಹಾಗೆ ಮಾಮ ಅನ್ನಲಿಲ್ಲ.
ಏಳನೇ ನಂಬರು ಬೆಂಚಿನ ಹಿಂದೆ
ಅಂಗಿ ಎತ್ತಿ ಮುಖ ಮುಚ್ಚಿಕೊಂಡು ಅಳುತ್ತಿದ್ದ.
ಅವನೂ ಒಂಬತ್ತನೇ ಕ್ಲಾಸು.
ಅದೇ ಥ್ರೋದಿಂದ ಆಟ ಶುರುವಾಯಿತು,
ಹತ್ತು ಜನ, ಹತ್ತು ಜನ.
ಗೆದ್ದದ್ದು ಯಾರು ಅಂತ ಸಂಜೆ ಹೆಂಡತಿ ಕೇಳಿದಾಗ
ಒಂದು ಗಳಿಗೆ ನೆನಪಾಗಲಿಲ್ಲ.

ಈಗ ರಾತ್ರಿ. ಸಂಘಕ್ಕೆ ಹೇಳಿಕೆ ಬರೆಯಬೇಕು.
ದಿನಾಂಕ, ನಿಮಿಷ, ನಂಬರು, ಎಲ್ಲ ಆಯಿತು.
ಆಡಿದ ಮಾತು ಇದ್ದ ಹಾಗೇ, ಅಂತ ಒಂದು ಖಾನೆ,
ಪದಕ್ಕಿಂತ ಎಷ್ಟೋ ದೊಡ್ಡ ಜಾಗ ಬಿಟ್ಟಿದ್ದಾರೆ.
ಪಕ್ಕದಲ್ಲಿ ಮಗಳು ಲೆಕ್ಕ ಮಾಡುತ್ತ ಕೂತಿದ್ದಾಳೆ.
ಮೊದಲ ಅಕ್ಷರ ಬರೆಯುವಷ್ಟರಲ್ಲಿ
"ಯಾರಿಗಪ್ಪ ಕಾಗದ?" ಅಂತ ಬಗ್ಗಿದಳು.
ಕಾಪಿ ಹೊಡೆದಾರು ಅಂತ ಪರೀಕ್ಷೆಯಲ್ಲಿ ಮಕ್ಕಳು ಮಾಡುವ ಹಾಗೆ
ಎಡತೋಳು ಅಡ್ಡ ಇಟ್ಟು
ಉಳಿದದ್ದನ್ನು ಬರೆದೆ.